ಹೂವು ಕಿತ್ತ ಪಾದ್ರಿ ಯಾರ ಕಡೆಯವನು?

ಪ್ರಶ್ನೆ: ಸಂಡೇ ಸ್ಕೂಲಿನ ಮಕ್ಕಳಿಗೆ ನಾನು ಲಿಯೊನ್‌ಹಾರ್ಡ್ ಕೈಸರ್‌ನ ಕಥೆ ಹೇಳುತ್ತಾ ಬಂದಿದ್ದೇನೆ. 1527ರಲ್ಲಿ ಸುಟ್ಟುಹಾಕಿದ ಅನಾಬ್ಯಾಪ್ಟಿಸ್ಟ್ ರಕ್ತಸಾಕ್ಷಿ, ಸಾಯಲು ಹೋಗುವಾಗ ಗಾಡಿಯಿಂದ ಬಗ್ಗಿ ಹೂವು ಕಿತ್ತವನು. ಮೊನ್ನೆ ನಮ್ಮ ಸಭೆಯ ಹಿರಿಯರೊಬ್ಬರು, "ಅವನು ಅನಾಬ್ಯಾಪ್ಟಿಸ್ಟ್ ಅಲ್ಲಮ್ಮ, ಲೂಥರ್‌ನ ಶಿಷ್ಯ. ಲೂಥರೇ ಅವನ ಬಗ್ಗೆ ಬರೆದಿದ್ದಾನೆ" ಅಂದರು. ಯಾರು ಸರಿ? ಅವರು ಸರಿ ಅಂದರೆ ಹೂವಿನ ಕಥೆ ಸುಳ್ಳಾ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದೇ ಸರಿ. ಕೈಸರ್ ಜರ್ಮನಿಯ ಧರ್ಮಸುಧಾರಕ ಲೂಥರ್‌ನ ಕಡೆಯವನು. ಸಾಯುವ ದಿನದವರೆಗೂ ಹಾಗೇ ಇದ್ದ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಮುಗಿಯುವುದಿಲ್ಲ. ಹೂವಿನ ಕಥೆಯನ್ನು ಯಾರೋ ಸುಮ್ನೆ ಕೂತು ಕಟ್ಟಿದರು ಅಂತ ತಳ್ಳಿಹಾಕುವುದು ಅನ್ಯಾಯ. ಆ ದಿನ ಅಲ್ಲೇ ಇದ್ದು ಎಲ್ಲ ನೋಡಿದೆ ಅಂತ ಹೇಳಿದ ಒಬ್ಬ ಮನುಷ್ಯ ಅದರ ಹಿಂದೆ ಇದ್ದಾನೆ. ಕೈಸರ್ ಯಾರು ಅನ್ನೋ ಗೊಂದಲ ಹುಟ್ಟಿದ್ದೂ ಬಹುಶಃ ಆ ಮನುಷ್ಯನಿಂದಲೇ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಈ ಎರಡು ಗುಂಪಿನ ನಡುವಿನ ಗೆರೆ ಎಲ್ಲಿತ್ತು ಅಂತ ನೋಡೋಣ. ಲೂಥರ್ ಪೋಪ್‌ನ ವಿರುದ್ಧ ನಿಂತರೂ ಶಿಶು ದೀಕ್ಷಾಸ್ನಾನವನ್ನು ಬಿಡಲಿಲ್ಲ. ಅದನ್ನು ಬಿಟ್ಟವರು ಅನಾಬ್ಯಾಪ್ಟಿಸ್ಟರು. ನಂಬಿಕೆ ಅನ್ನೋದು ತಿಳಿವಳಿಕೆ ಬಂದ ಮೇಲೆ ತಾನೇ ಒಪ್ಪಿ ತೆಗೆದುಕೊಳ್ಳುವ ನಿರ್ಧಾರ, ಆದ್ದರಿಂದ ದೀಕ್ಷಾಸ್ನಾನವೂ ಆಮೇಲೆ ಆಗಬೇಕು ಅಂತ ಅವರ ವಾದ. 1525ರ ಜನವರಿ 21ರಂದು ಜ್ಯೂರಿಕ್‌ನಲ್ಲಿ ಕೊನ್ರಾಡ್ ಗ್ರೇಬೆಲ್ ಅನ್ನುವ ಯುವಕ ಜಾರ್ಜ್ ಬ್ಲಾವ್‌ರಾಕ್ ಅನ್ನುವ ಪಾದ್ರಿಗೆ ಹೊಸದಾಗಿ ದೀಕ್ಷಾಸ್ನಾನ ಕೊಟ್ಟ. ಅಲ್ಲಿಂದ ಈ ಪಂಥದ ಲೆಕ್ಕ ಶುರು. ನಮ್ಮಲ್ಲೂ ಈ ವ್ಯತ್ಯಾಸ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಮಂಗಳೂರು, ಧಾರವಾಡ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳಲ್ಲಿ ಕೂಸಿಗೇ ದೀಕ್ಷಾಸ್ನಾನ ಕೊಡುತ್ತಾರೆ, ಬ್ಯಾಪ್ಟಿಸ್ಟ್ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ ದೊಡ್ಡವರಾದ ಮೇಲೆ. ಇವತ್ತು ಅದು ಮನೆಯೊಳಗಿನ ಚರ್ಚೆ. ಆ ಕಾಲದಲ್ಲಿ ಅದು ಜೀವದ ಪ್ರಶ್ನೆ. ಕ್ಯಾಥೊಲಿಕ್ ದೊರೆಗಳೂ ಅನಾಬ್ಯಾಪ್ಟಿಸ್ಟರನ್ನು ಕೊಂದರು, ಪ್ರೊಟೆಸ್ಟೆಂಟ್ ಊರುಗಳೂ ಕೊಂದವು. 1529ರಲ್ಲಿ ಸ್ಪೈಯರ್ ಎಂಬಲ್ಲಿ ಸೇರಿದ ಸಾಮ್ರಾಜ್ಯದ ಸಭೆ, ಮರುದೀಕ್ಷಾಸ್ನಾನಕ್ಕೆ ಮರಣದಂಡನೆ ಅಂತ ಕಾನೂನನ್ನೇ ಮಾಡಿತು.

ಇನ್ನು ಕೈಸರ್. ಇವನ ಹೆಸರನ್ನು ಕೈಸರ್, ಕೇಸರ್, ಕೀಸರ್ ಅಂತ ಬೇರೆ ಬೇರೆ ರೀತಿ ಬರೆಯುತ್ತಾರೆ, ಎಲ್ಲ ಒಬ್ಬನೇ. 1480ರ ಸುಮಾರಿಗೆ ರಾಬ್ ಅನ್ನುವ ಊರಿನಲ್ಲಿ ಹುಟ್ಟಿದ. ಆ ಊರು ಇವತ್ತು ಆಸ್ಟ್ರಿಯದಲ್ಲಿದೆ, ಆಗ ಬವೇರಿಯಕ್ಕೆ ಸೇರಿತ್ತು. ಪಾದ್ರಿಯಾಗಿ ವೈಟ್ಸೆನ್‌ಕಿರ್ಷೆನ್ ಊರಿನ ಚರ್ಚಿನಲ್ಲಿ ಕೆಲಸ ಮಾಡುತ್ತಿದ್ದ. ಲೂಥರ್‌ನ ಬರಹ ಓದಿ ಅದನ್ನೇ ಬೋಧಿಸಲು ಶುರು ಮಾಡಿದ. ಬವೇರಿಯದ ಡ್ಯೂಕರು 1522ರಲ್ಲೇ ಲೂಥರ್‌ನ ಬೋಧನೆಗೆ ನಿಷೇಧ ಹಾಕಿದ್ದರು, ಪಕ್ಕದ ಪಸ್ಸಾವ್ ಧರ್ಮಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದವನು ಅದೇ ಮನೆತನದ ತಮ್ಮ, ಡ್ಯೂಕ್ ಅರ್ನ್‌ಸ್ಟ್. ಹಾಗಾಗಿ ಕೈಸರ್ ಬೇಗ ಸಿಕ್ಕಿಬಿದ್ದ. ಲೂಥರ್‌ನ ಬೋಧನೆ ಬಿಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ಬಿಟ್ಟರು. ಆ ಮಾತು ಅವನಿಗೆ ನುಂಗಲಾರದ ತುತ್ತಾಗಿರಬೇಕು. 1525ರಲ್ಲಿ ಊರು ಬಿಟ್ಟು ನೇರವಾಗಿ ವಿಟೆನ್‌ಬರ್ಗ್‌ಗೆ, ಲೂಥರ್ ಪಾಠ ಹೇಳುತ್ತಿದ್ದ ಜಾಗಕ್ಕೇ ಹೋದ. ನಲವತ್ತು ದಾಟಿದ ಪಾದ್ರಿ ಹುಡುಗರ ಜೊತೆ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದ. ಅದು ಆ ವರ್ಷದ ಜೂನ್ ತಿಂಗಳು. ಈ ತಿಂಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1527ರ ಆರಂಭದಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾರೆ ಅಂತ ಸುದ್ದಿ ಬಂತು. ಹೋದರೆ ಜೀವಕ್ಕೆ ಅಪಾಯ ಅಂತ ಅವನಿಗೆ ಗೊತ್ತಿತ್ತು. ಆದರೂ ಹೋದ. ಮನೆ ಮುಟ್ಟಿದ ಮೇಲೆ ಅಪ್ಪ ಹೆಚ್ಚು ಹೊತ್ತು ಬದುಕಲಿಲ್ಲ. ಮಣ್ಣು ಮಾಡಿ ಕೂಡಲೇ ಹೊರಟುಬಿಡಬಹುದಿತ್ತೋ ಏನೋ, ಅಷ್ಟರಲ್ಲಿ ಅವನಿಗೇ ಕಾಯಿಲೆ ಬಂತು. ಕೆಲವು ವಾರ ಮನೆಯಲ್ಲೇ ಮಲಗಿದ. ಮಾರ್ಚ್‌ನಲ್ಲಿ ಬಂದು ಹಿಡಿದರು. ಪಸ್ಸಾವ್ ಊರಿನ ಮೇಲೆ ಗುಡ್ಡದಲ್ಲಿರುವ ಓಬರ್‌ಹೌಸ್ ಕೋಟೆಯಲ್ಲಿ ಕೂಡಿಹಾಕಿದರು. ಒಮ್ಮೆ ಬಿಡುತ್ತೇನೆ ಅಂತ ಹೇಳಿ ಮತ್ತೆ ಅದೇ ಬೋಧನೆ ಹಿಡಿದವನು ಅನ್ನೋದು ಅವನ ಮೇಲಿನ ದೊಡ್ಡ ದೂರು. ಆಗಿನ ಚರ್ಚ್ ಕಾನೂನಿನಲ್ಲಿ ಹಾಗೆ ಎರಡನೇ ಸಲ ಬಿದ್ದವನಿಗೆ ಉಳಿಗಾಲ ಕಡಿಮೆ.

ಸ್ಯಾಕ್ಸನಿಯ ದೊರೆ (ಎಲೆಕ್ಟರ್) ಯೋಹಾನ್ ಸೇರಿ ಕೆಲವು ಪ್ರಭುಗಳು ಅವನ ಪರವಾಗಿ ಪತ್ರ ಬರೆದರು. ಫಲ ಸಿಗಲಿಲ್ಲ. ಲೂಥರ್ ಮೇ 20ರಂದು ಜೈಲಿಗೇ ಒಂದು ಸಾಂತ್ವನದ ಪತ್ರ ಕಳಿಸಿದ. ಜುಲೈನಲ್ಲಿ ಪಸ್ಸಾವ್‌ನಲ್ಲಿ ತೀರ್ಪು ಆಯಿತು. ವಿಚಾರಣೆಗೆ ಬಂದವರಲ್ಲಿ ಯೋಹಾನ್ ಎಕ್ ಕೂಡ ಇದ್ದ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಲೂಥರ್‌ನ ಎದುರು ಕೂತು ವಾದ ಮಾಡಿದ ಅದೇ ಎಕ್. ತೀರ್ಪಿನ ದಿನ ಕೈಸರ್‌ನ ಪಾದ್ರಿ ಉಡುಪನ್ನು ಕಳಚಿ ಪದವಿ ತೆಗೆದುಹಾಕಿದರು. ಚರ್ಚು ತಾನೇ ಕೊಲ್ಲುತ್ತಿರಲಿಲ್ಲ, ಹೀಗೆ ಪದವಿ ತೆಗೆದು ಸರ್ಕಾರದ ಕೈಗೆ ಒಪ್ಪಿಸುತ್ತಿತ್ತು. 1527ರ ಆಗಸ್ಟ್ 16, ಶುಕ್ರವಾರ, ಇನ್ ನದಿಯ ದಂಡೆಯ ಶೇರ್ಡಿಂಗ್ ಊರಿನಲ್ಲಿ ಅವನನ್ನು ಸುಟ್ಟರು.

ಆ ದಿನ ಏನಾಯಿತು ಅನ್ನೋದರ ಒಂದು ವಿವರ ಲೂಥರ್‌ನದು. ಅವನಿಗೆ ಸುದ್ದಿ ಮುಟ್ಟಿಸಿದವರಲ್ಲಿ ಮುಖ್ಯನಾದವನು ಮಿಖಾಯೆಲ್ ಷ್ಟಿಫೆಲ್, ಆಗ ಮೇಲಿನ ಆಸ್ಟ್ರಿಯದ ಯೋರ್ಗರ್ ಮನೆತನದವರ ಬಳಿ ಬೋಧಕನಾಗಿದ್ದ ಲೂಥರ್‌ನ ಗೆಳೆಯ. (ಮುಂದೆ ಗಣಿತದಲ್ಲಿ ದೊಡ್ಡ ಹೆಸರು ಮಾಡಿದ ಷ್ಟಿಫೆಲ್ ಇವನೇ.) ಇದನ್ನೆಲ್ಲ ಸೇರಿಸಿ ಲೂಥರ್ ಆ ಚಳಿಗಾಲದಲ್ಲೇ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಕೈಸರ್ ಜನರ ಹತ್ತಿರ ತನಗಾಗಿ ಪ್ರಾರ್ಥಿಸಿ ಅಂತ ಕೇಳುತ್ತಾನೆ. ಪವಿತ್ರಾತ್ಮನನ್ನು ಕರೆಯುವ ಹಾಡು ಹಾಡಿ ಅನ್ನುತ್ತಾನೆ. ಬೆಂಕಿ ಹತ್ತಿದ ಮೇಲೆ, ಯೇಸುವೇ ನಾನು ನಿನ್ನವನು, ನನ್ನನ್ನು ರಕ್ಷಿಸು ಅಂತ ಕೂಗುತ್ತಾನೆ. ಆಮೇಲಿನ ಭಾಗ ಓದಲು ಕಷ್ಟ, ಆದರೆ ನಿಮ್ಮ ಪ್ರಶ್ನೆಗೆ ಅದು ಬೇಕೇ ಬೇಕು. ಕೈ, ಕಾಲು, ತಲೆ ಸುಟ್ಟುಹೋದವು, ಮುಂಡ ಮಾತ್ರ ಪೂರ್ತಿ ಸುಡಲಿಲ್ಲ. ಶಿಕ್ಷೆ ಜಾರಿ ಮಾಡುವವನು ಗಳದಿಂದ ಅದನ್ನು ಹೊರಗೆ ಹೊರಳಿಸಿ, ಮತ್ತೆ ಸೌದೆ ಒಟ್ಟಿ, ಕತ್ತಿಯಿಂದ ತಿವಿದು, ಮತ್ತೆ ಬೆಂಕಿಗೆ ತಳ್ಳಿದ. ಇಷ್ಟೇ. ಹೂವಿನ ಸುಳಿವೇ ಇಲ್ಲ.

ಈಗ ನೀವು ಮಕ್ಕಳಿಗೆ ಹೇಳುವ ಕಥೆಗೆ ಬರೋಣ. ಅದು ಸಿಗುವುದು ಮಾರ್ಟರ್ಸ್ ಮಿರರ್‌ನಲ್ಲಿ. ಹಾಲೆಂಡಿನ ಡಾರ್ಡ್ರೆಖ್ಟ್ ಊರಿನ ಮೆನೊನೈಟ್ (ಅನಾಬ್ಯಾಪ್ಟಿಸ್ಟರದೇ ಒಂದು ಕವಲು) ಬೋಧಕ ಟೀಲೆಮನ್ ಫಾನ್ ಬ್ರಾಖ್ಟ್ 1660ರಲ್ಲಿ ತಂದ ರಕ್ತಸಾಕ್ಷಿಗಳ ದೊಡ್ಡ ಸಂಗ್ರಹ ಅದು. ಅಲ್ಲಿನ ಪ್ರಕಾರ ಕೈಸರ್ ಲೂಥರ್‌ನ ಬರಹ ಓದಿದ, ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿಯ ಬರಹವನ್ನೂ ಓದಿದ, ವಿಟೆನ್‌ಬರ್ಗ್‌ಗೆ ಹೋಗಿ ಅಲ್ಲಿನ ಪಂಡಿತರ ಜೊತೆ ಮಾತಾಡಿದ, ಅವರ ಜೊತೆ ಕರ್ತನ ಭೋಜನದಲ್ಲೂ ಪಾಲು ತೆಗೆದುಕೊಂಡ. ಬವೇರಿಯಕ್ಕೆ ವಾಪಸು ಬಂದ ಮೇಲೆ ಎಲ್ಲರ ಬೋಧನೆಯನ್ನೂ ಅದರಿಂದ ಬಂದ ಫಲವನ್ನೂ ತೂಗಿ ನೋಡಿ, 1525ರಲ್ಲಿ ಅನಾಬ್ಯಾಪ್ಟಿಸ್ಟರ ಜೊತೆ ಸೇರಿದ. ಧೈರ್ಯವಾಗಿ ಸೇವೆ ಮಾಡಿ ಎರಡನೇ ವರ್ಷದಲ್ಲಿ ಶೇರ್ಡಿಂಗ್‌ನಲ್ಲಿ ಸೆರೆಸಿಕ್ಕ.

ಅವನನ್ನು ಗಾಡಿಗೆ ಕಟ್ಟಿ ಒಯ್ಯುತ್ತಾರೆ. ಪಕ್ಕದಲ್ಲಿ ನಡೆಯುವ ಪಾದ್ರಿಗಳು ಲ್ಯಾಟಿನ್‌ನಲ್ಲಿ ಮಾತಾಡಿಸುತ್ತಾರೆ. ಇವನು ಸುತ್ತಲಿನ ಜನಕ್ಕೆ ತಿಳಿಯಲಿ ಅಂತ ಜರ್ಮನ್‌ನಲ್ಲೇ ಉತ್ತರ ಕೊಡುತ್ತಾನೆ. ಬಯಲಿಗೆ ಬಂದು ಬೆಂಕಿಯ ಹತ್ತಿರ ಆದಾಗ, ಕಟ್ಟಿಹಾಕಿದ್ದ ಹಾಗೆಯೇ ಗಾಡಿಯ ಬದಿಗೆ ಬಗ್ಗಿ ಒಂದು ಹೂವು ಕಿತ್ತು, ಕುದುರೆ ಮೇಲೆ ಜೊತೆಗೆ ಬರುತ್ತಿದ್ದ ನ್ಯಾಯಾಧೀಶನಿಗೆ ತೋರಿಸುತ್ತಾನೆ. ಈ ಹೂವನ್ನೂ ನನ್ನನ್ನೂ ಸುಡಲು ನಿಮ್ಮಿಂದ ಆದರೆ ನೀವು ಕೊಟ್ಟ ತೀರ್ಪು ನ್ಯಾಯ, ಆಗದಿದ್ದರೆ ಏನು ಮಾಡಿದಿರಿ ಅಂತ ಯೋಚಿಸಿ ಪಶ್ಚಾತ್ತಾಪ ಪಡಿ, ಇದು ಅವನ ಮಾತಿನ ಸಾರ. ರಾಶಿ ರಾಶಿ ಸೌದೆ ಹಾಕಿದರು. ಉರಿದು ಬೂದಿಯಾದ ಮೇಲೆ ನೋಡಿದರೆ ದೇಹ ಹಾಗೇ ಇದೆ. ಎರಡನೇ ಸಲ ಹಾಕಿದರು. ಕೂದಲು, ಉಗುರು ಸ್ವಲ್ಪ ಕಂದಾಗಿದ್ದವು, ಹೂವು ಕೈಯಲ್ಲಿ ಬಾಡದೆ ಇತ್ತು. ಕೊನೆಗೆ ದೇಹವನ್ನು ತುಂಡು ಮಾಡಿ ಮತ್ತೆ ಬೆಂಕಿಗೆ ಹಾಕಿದರು, ತುಂಡುಗಳೂ ಸುಡಲಿಲ್ಲ. ಎತ್ತಿ ಇನ್ ನದಿಗೆ ಎಸೆದರು.

ಇದರ ಕೊನೆಯಲ್ಲಿ ಬರುವ ಎರಡು ಮೂರು ಸಾಲನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಅವೇ ಎಲ್ಲಕ್ಕಿಂತ ಮುಖ್ಯ. ನ್ಯಾಯಾಧೀಶ ಗಾಬರಿಯಾಗಿ ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಅವನ ಜೊತೆಗಿದ್ದು ಎಲ್ಲ ಕಂಡಿದ್ದ ಮುಖ್ಯ ಆಳು ಮೊರಾವಿಯಕ್ಕೆ, ನಮ್ಮ ಹತ್ತಿರ ಬಂದು, ನಮ್ಮ ಸಹೋದರನಾಗಿ ಬದುಕಿ ಭಕ್ತಿಯಿಂದ ತೀರಿಕೊಂಡ. ಅವನ ಬಾಯಿಂದಲೇ ಕೇಳಿದ್ದನ್ನು ಮರೆತುಹೋಗಬಾರದು ಅಂತ ನಮ್ಮ ಬೋಧಕರು ಬರೆದಿಟ್ಟರು.

"ನಮ್ಮ ಹತ್ತಿರ" ಅಂತ ಇದೆ ನೋಡಿ. ಡಾರ್ಡ್ರೆಖ್ಟ್‌ನಲ್ಲಿ ಕೂತ ಡಚ್ ಬೋಧಕನಿಗೆ ಮೊರಾವಿಯ "ನಮ್ಮ" ಊರು ಹೇಗಾಗುತ್ತದೆ? ಅದು ಅವನ ಮಾತೇ ಅಲ್ಲ. ಈಗಿನ ಚೆಕ್ ದೇಶದ ಆ ಭಾಗದಲ್ಲಿ ನೆಲೆಸಿ, ಆಸ್ತಿಯನ್ನೆಲ್ಲ ಒಟ್ಟಿಗೆ ಇಟ್ಟು ಬದುಕುತ್ತಿದ್ದ ಹಟರೈಟ್ ಅನಾಬ್ಯಾಪ್ಟಿಸ್ಟರ ಬರಹ ಅದು. ಅವರ ವೃತ್ತಾಂತಗಳಲ್ಲಿ ಇದ್ದದ್ದು ಕೈಯಿಂದ ಕೈಗೆ ಬಂದು ಡಚ್ ಸಂಗ್ರಹಕ್ಕೆ ಸೇರಿತು, "ನಮ್ಮ" ಅನ್ನೋ ಮಾತೂ ಜೊತೆಗೇ ಬಂತು. ಅಂದರೆ ಈ ಕಥೆಯ ಬೇರು ಒಬ್ಬ ಸಾಕ್ಷಿ, ಆ ಸಾಕ್ಷಿ ಆಮೇಲೆ ಅನಾಬ್ಯಾಪ್ಟಿಸ್ಟ್ ಆದವನು.

ಸರಿ, ಎರಡು ಕಥೆ ಇವೆ. ಲೂಥರ್‌ನದನ್ನೇ ನಂಬಬೇಕು ಅಂತ ಯಾಕೆ? ಅವನು ಹೆಸರಾಂತ ಮನುಷ್ಯ ಅಂತ ಅಲ್ಲ, ತಾರೀಖುಗಳು ಅವನ ಕಡೆ ಇವೆ. ಕೈಸರ್ 1525ರಲ್ಲಿ ಬವೇರಿಯಕ್ಕೆ ವಾಪಸು ಬಂದು ಅನಾಬ್ಯಾಪ್ಟಿಸ್ಟರನ್ನು ಸೇರಿ ಸೇವೆ ಶುರು ಮಾಡಿದ ಅನ್ನುತ್ತದೆ ಮಾರ್ಟರ್ಸ್ ಮಿರರ್. ಆದರೆ ಆ ವರ್ಷದ ಜೂನ್‌ನಲ್ಲಿ ಅವನು ಆಗ ತಾನೇ ವಿಟೆನ್‌ಬರ್ಗ್‌ನಲ್ಲಿ ಹೆಸರು ಬರೆಸಿದ್ದ, ಅಲ್ಲಿಂದ ಊರಿಗೆ ಹೊರಟದ್ದು 1527ರಲ್ಲಿ, ಸಾಯುತ್ತಿದ್ದ ಅಪ್ಪನನ್ನು ನೋಡಲು. ನಡುವೆ ಬವೇರಿಯದಲ್ಲಿ ಗುಟ್ಟಾಗಿ ಬೋಧನೆ ಮಾಡಿಕೊಂಡಿದ್ದ ಅನ್ನೋ ಆ ಎರಡು ವರ್ಷಕ್ಕೆ ಜಾಗವೇ ಇಲ್ಲ. ಇನ್ನೊಂದು, 1525ರಲ್ಲಿ ಆ ಕಡೆ ಸೇರಲು ಅನಾಬ್ಯಾಪ್ಟಿಸ್ಟರಾದರೂ ಎಲ್ಲಿದ್ದರು? ಜ್ಯೂರಿಕ್‌ನ ಚಳವಳಿ ಹುಟ್ಟಿ ಕೆಲವೇ ತಿಂಗಳಾಗಿತ್ತು. ಆ ಭಾಗಕ್ಕೆ ಅದನ್ನು ಜೋರಾಗಿ ಒಯ್ದವನು ಹಾನ್ಸ್ ಹೂಟ್. ಅವನೇ ದೀಕ್ಷಾಸ್ನಾನ ತೆಗೆದುಕೊಂಡದ್ದು 1526ರಲ್ಲಿ, ಔಗ್ಸ್‌ಬರ್ಗ್‌ನಲ್ಲಿ. ಸ್ಟೈರ್, ಪಸ್ಸಾವ್ ಕಡೆ ತಿರುಗಿದ್ದು 1527ರ ಬೇಸಿಗೆಯಲ್ಲಿ. ಆ ಹೊತ್ತಿಗೆ ಕೈಸರ್ ಕೋಟೆಯೊಳಗೆ ಸಂಕೋಲೆಯಲ್ಲಿದ್ದ. ಸುಟ್ಟ ದಿನವನ್ನೂ ಮಾರ್ಟರ್ಸ್ ಮಿರರ್ ಸಂತ ಲಾರೆನ್ಸ್ ಹಬ್ಬದ ಹಿಂದಿನ ಶುಕ್ರವಾರ ಅನ್ನುತ್ತದೆ. ಆ ಹಬ್ಬ ಆಗಸ್ಟ್ 10, ಹಾಗಾದರೆ ಆಗಸ್ಟ್ 9 ಆಗಬೇಕು. ಒಂದು ವಾರ ತಪ್ಪಿದೆ. ಇದು ಸಣ್ಣ ತಪ್ಪು, ನಿಜ. ಆದರೆ ಬಹಳ ದಿನದ ಮೇಲೆ, ದೂರದ ಊರಲ್ಲಿ, ನೆನಪಿನಿಂದ ಹೇಳಿದ ಮಾತು ಹೀಗೇ ಇರುತ್ತದೆ ಅಲ್ವಾ? ವಾರ ಮರೆತಿದೆ, ಶುಕ್ರವಾರ ಮರೆತಿಲ್ಲ.

ತಾರೀಖಿಗಿಂತ ದೊಡ್ಡ ಆಧಾರ ಆರೋಪಪಟ್ಟಿ. ಒಬ್ಬ ರಕ್ತಸಾಕ್ಷಿ ಯಾರು ಅಂತ ತಿಳಿಯಬೇಕಾದರೆ ಸತ್ತ ಮೇಲೆ ಅವನನ್ನು ಯಾರು ನೆನೆದರು ಅಂತ ನೋಡುವುದಕ್ಕಿಂತ, ಬದುಕಿದ್ದಾಗ ನ್ಯಾಯಪೀಠ ಅವನನ್ನು ಏನು ಕೇಳಿತು ಅಂತ ನೋಡಬೇಕು. ಈ ಒಂದು ನಿಯಮ ಹಿಡಿದರೆ ಇಂಥ ಎಷ್ಟೋ ಜಗಳ ಇತ್ಯರ್ಥ ಆಗುತ್ತವೆ. ಕೈಸರ್‌ನನ್ನು ಕೇಳಿದ್ದು ನಂಬಿಕೆಯೊಂದರಿಂದಲೇ ನೀತಿವಂತನಾಗುವುದರ ಬಗ್ಗೆ, ಬಲಿಪೂಜೆಯ ಬಗ್ಗೆ, ಪಾಪನಿವೇದನೆಯ ಬಗ್ಗೆ, ಪಾದ್ರಿಗಳ ಬ್ರಹ್ಮಚರ್ಯದ ಪ್ರತಿಜ್ಞೆಯ ಬಗ್ಗೆ. ಎಲ್ಲವೂ ಲೂಥರ್ ಎತ್ತಿದ ವಿಷಯಗಳೇ. ಮರುದೀಕ್ಷಾಸ್ನಾನ ಪಡೆದ ಅಂತಲೋ ಕೊಟ್ಟ ಅಂತಲೋ ಆರೋಪ ಇಲ್ಲ.

ಅದೇ ಮೇ ತಿಂಗಳಲ್ಲಿ, ಲೂಥರ್ ಕೈಸರ್‌ಗೆ ಪತ್ರ ಬರೆದ ಅದೇ ವಾರದಲ್ಲಿ, ನೆಕಾರ್ ನದಿ ದಂಡೆಯ ರಾಟೆನ್‌ಬರ್ಗ್‌ನಲ್ಲಿ ಮಿಖಾಯೆಲ್ ಜಾಟ್ಲರ್‌ನನ್ನು ಸುಟ್ಟರು. ಅವನು ನಿಸ್ಸಂದೇಹವಾಗಿ ಅನಾಬ್ಯಾಪ್ಟಿಸ್ಟ್. ಅವನ ಮೇಲಿನ ಆರೋಪ ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಶಿಶು ದೀಕ್ಷಾಸ್ನಾನ ರಕ್ಷಣೆಗೆ ಸಹಾಯ ಮಾಡುವುದಿಲ್ಲ ಅಂದ, ಅಧಿಕಾರಿಗಳ ಮುಂದೆ ಆಣೆ ಮಾಡಬಾರದು ಅಂದ, ತುರ್ಕರು ದಂಡೆತ್ತಿ ಬಂದರೂ ಕತ್ತಿ ಹಿಡಿಯಬಾರದು ಅಂದ. ಅನಾಬ್ಯಾಪ್ಟಿಸ್ಟ್ ಕೈಗೆ ಸಿಕ್ಕಾಗ ನ್ಯಾಯಪೀಠ ಕೇಳುತ್ತಿದ್ದದ್ದು ಇಂಥವನ್ನು. ಎಕ್‌ನಂಥ ಚುರುಕು ಮನುಷ್ಯನಿಗೆ ಕೈಸರ್‌ನಲ್ಲಿ ಇದರ ವಾಸನೆ ಬಂದಿದ್ದರೂ ಬಿಡುತ್ತಿರಲಿಲ್ಲ. ಲೂಥರ್‌ನ ಶಿಷ್ಯ ಕೊನೆಗೆ ಮರುದೀಕ್ಷಾಸ್ನಾನದವನಾದ ಅಂತ ತೋರಿಸುವುದಕ್ಕಿಂತ ಸಿಹಿಯಾದ ಗೆಲುವು ಎಕ್‌ಗೆ ಇನ್ನೇನಿತ್ತು?

ಲೂಥರ್‌ನ ಕಡೆಯಿಂದ ನೋಡಿದರೂ ಅಷ್ಟೇ. ಕೈಸರ್‌ನ ಬಗ್ಗೆ ಬರೆದ ಚಳಿಗಾಲದಲ್ಲೇ, 1528ರ ಆರಂಭಕ್ಕೆ, ಅವನು ಅನಾಬ್ಯಾಪ್ಟಿಸ್ಟರ ವಿರುದ್ಧ ಇಬ್ಬರು ಪಾದ್ರಿಗಳಿಗೆ ಉದ್ದದ ಪತ್ರ ಬರೆದು ಅಚ್ಚು ಹಾಕಿಸಿದ. ಒಂದು ಕೈಯಲ್ಲಿ ಅವರನ್ನು ಖಂಡಿಸುತ್ತಾ ಇನ್ನೊಂದು ಕೈಯಲ್ಲಿ ಅವರಲ್ಲೊಬ್ಬನನ್ನು ಹೊಗಳುವ ಮನುಷ್ಯ ಅವನಲ್ಲ. ಕೈಸರ್‌ನ ಬಗ್ಗೆ ಬರೆಯುವಾಗಲಂತೂ ಅವನ ದನಿಯೇ ಬದಲಾಗುತ್ತದೆ. ತಾನು ಬರೀ ಮಾತಿನ ಬೋಧಕ, ಕೈಸರ್ ಅದನ್ನು ಮಾಡಿ ತೋರಿಸಿದವನು, ಅವನಿಗೆ ತಾನು ಸಮ ಅಲ್ಲ ಅನ್ನುವ ಅರ್ಥದ ಮಾತು ಬರೆಯುತ್ತಾನೆ. ಲೂಥರ್ ಬೇರೆಯವರ ಮುಂದೆ ಹೀಗೆ ತಲೆ ಬಾಗಿದ್ದು ಕಡಿಮೆ.

ಕೊನೆ ಕೆಲವು ತಿಂಗಳಲ್ಲಿ ಮನಸ್ಸು ಬದಲಾಯಿಸಿರಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಊರಿಗೆ ಬಂದವನು ಅಪ್ಪನನ್ನು ಕಳೆದುಕೊಂಡ, ಕಾಯಿಲೆ ಬಿದ್ದ, ಜೈಲು ಸೇರಿದ. ಜೈಲಿನಿಂದ ಅವನ ಸಂಪರ್ಕ ಇದ್ದದ್ದೆಲ್ಲ ಲೂಥರ್‌ನ ಬಳಗದ ಜೊತೆಗೆ. ಬೇರೆಯವರು ಬಂದು ಮನಸ್ಸು ತಿರುಗಿಸಿದರು ಅನ್ನಲು ಒಂದು ಎಳೆಯೂ ಸಿಗುವುದಿಲ್ಲ.

ಹಾಗಾದರೆ ಅನಾಬ್ಯಾಪ್ಟಿಸ್ಟರು ಬೇಕೆಂದೇ ಇನ್ನೊಬ್ಬರ ರಕ್ತಸಾಕ್ಷಿಯನ್ನು ಕದ್ದರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ಆಳಿನ ಜಾಗದಲ್ಲಿ ನಿಂತು ಯೋಚಿಸಿ. ಅವನು ಒಬ್ಬ ಪಾದ್ರಿ ಸಾಯುವುದನ್ನು ಹತ್ತಿರದಿಂದ ನೋಡಿದ. ಆ ಸಾವು ಅವನನ್ನು ಅಲ್ಲಾಡಿಸಿತು. ಕೊನೆಗೆ ಎಲ್ಲ ಬಿಟ್ಟು ಮೊರಾವಿಯ ಸೇರಿ ಹೊಸ ಸಭೆಯಲ್ಲಿ ಸಹೋದರನಾದ. ಅಲ್ಲಿ ಕೂತು, ನನ್ನನ್ನು ಇಲ್ಲಿಗೆ ತಂದದ್ದು ಆ ಮನುಷ್ಯನ ಸಾವು ಅಂತ ಹೇಳುತ್ತಾನೆ. ಕೇಳಿದವರಿಗೆ ಆ ಪಾದ್ರಿಯೂ ನಮ್ಮವನೇ ಅಂತ ಅನ್ನಿಸದೆ ಇರುತ್ತದಾ? ಎರಡನ್ನೂ ತೂಗಿ ನೋಡಿ, ಕೊನೆಗೆ ಅನಾಬ್ಯಾಪ್ಟಿಸ್ಟರ ಹಾದಿ ಹಿಡಿದದ್ದು ನಿಜವಾಗಿ ಆ ಆಳು. ಅವನ ಪಯಣವೇ ಕೈಸರ್‌ನ ಪಯಣವಾಗಿ ದಾಖಲಾಯಿತು ಅಂತ ನನ್ನ ಓದು. ಸುತ್ತಲಿನ ಪರಿಸ್ಥಿತಿಯೂ ಅದಕ್ಕೆ ಒತ್ತಾಸೆ ಕೊಟ್ಟಿತು. 1527ರ ನಂತರ ಆ ಭಾಗದಲ್ಲಿ ನಂಬಿಕೆಗಾಗಿ ಸತ್ತವರಲ್ಲಿ ಅನಾಬ್ಯಾಪ್ಟಿಸ್ಟರೇ ಜಾಸ್ತಿ. ಕೈಸರ್ ಇದ್ದ ಅದೇ ಓಬರ್‌ಹೌಸ್ ಕೋಟೆಯಲ್ಲಿ 1535ರಿಂದ ಮೊರಾವಿಯದಿಂದ ಮನೆ ಕಡೆ ಹೊರಟಿದ್ದ ಅನಾಬ್ಯಾಪ್ಟಿಸ್ಟರ ಒಂದು ಗುಂಪನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು. ಅವರು ಆ ಕತ್ತಲಲ್ಲಿ ಕಟ್ಟಿದ ಹಾಡುಗಳನ್ನು ಅದೇ ಪರಂಪರೆಯ, ಅಮೆರಿಕದ ಆಮಿಶ್ ಜನ ಇವತ್ತಿಗೂ ಭಾನುವಾರ ಹಾಡುತ್ತಾರೆ. ಪಸ್ಸಾವ್ ಕೋಟೆ ಅಂದರೆ ನಮ್ಮವರು ನೊಂದ ಜಾಗ ಅಂತ ಆ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆಮೇಲೆ ಚಿತ್ರ ಬಂತು. 1685ರ ಮುದ್ರಣಕ್ಕೆ ಯಾನ್ ಲಾಯ್ಕೆನ್ 104 ಚಿತ್ರ ಕೆತ್ತಿದ. ಅದರಲ್ಲಿ ಕೈಸರ್ ಗಾಡಿಯಿಂದ ಬಗ್ಗಿ ಹೂವಿಗೆ ಕೈ ಚಾಚುವ ಚಿತ್ರವೂ ಒಂದು. 1748-49ರಲ್ಲಿ ಪೆನ್ಸಿಲ್ವೇನಿಯದ ಎಫ್ರಾಟಾದಲ್ಲಿ ಈ ಗ್ರಂಥ ಜರ್ಮನ್‌ನಲ್ಲಿ ಅಚ್ಚಾಯಿತು. ಅಮೆರಿಕ ಬ್ರಿಟಿಷರ ಕೈಯಲ್ಲಿದ್ದ ಕಾಲದಲ್ಲಿ ಅಲ್ಲಿ ಅಚ್ಚಾದ ಪುಸ್ತಕಗಳಲ್ಲೇ ಅದು ದೊಡ್ಡದು. ಮೆನೊನೈಟ್, ಆಮಿಶ್ ಮನೆಗಳಲ್ಲಿ ಬೈಬಲ್ ಪಕ್ಕದಲ್ಲಿ ಇಡುವ ಗ್ರಂಥದಲ್ಲಿ ಒಂದು ಚಿತ್ರ ಬಂದ ಮೇಲೆ, ಅವನು ನಿಮ್ಮವನಲ್ಲ ಅಂತ ಹೇಳುವುದು ಯಾರಿಗೂ ಸುಲಭ ಅಲ್ಲ. ಆದರೂ ಹೇಳಿದರು. 1900ರಲ್ಲಿ ಜರ್ಮನ್ ಇತಿಹಾಸಕಾರ ಫ್ರೀಡ್ರಿಷ್ ರೋಟ್ ಕೈಸರ್‌ನ ಮೇಲೆ ಒಂದು ಅಧ್ಯಯನ ತಂದು ಅವನನ್ನು ಲೂಥರ್‌ನ ಪಕ್ಕದಲ್ಲೇ ನಿಲ್ಲಿಸಿದ. ಆಮೇಲೆ ಮೆನೊನೈಟ್ ವಿದ್ವಾಂಸರೂ ಇದನ್ನು ಒಪ್ಪಿದರು. ಅವರ ಈ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ಎಲ್ಲ ಪ್ರಕರಣವೂ ಇಷ್ಟು ನೇರವಾಗಿ ಬಗೆಹರಿಯುವುದಿಲ್ಲ. ಅದೇ ವರ್ಷದ ಫೆಬ್ರವರಿ 8ರಂದು ಮ್ಯೂನಿಕ್‌ನಲ್ಲಿ ಜಾರ್ಜ್ ವಾಗ್ನರ್ ಅನ್ನುವವನನ್ನು ಸುಟ್ಟರು. ಅವನೂ ಮಾರ್ಟರ್ಸ್ ಮಿರರ್‌ನಲ್ಲಿ ಇದ್ದಾನೆ, ಅನಾಬ್ಯಾಪ್ಟಿಸ್ಟರ ಹಾಡಿನಲ್ಲೂ ಇದ್ದಾನೆ. ಅವನ ಮೇಲೆ ಇದ್ದದ್ದು ನಾಲ್ಕು ಮಾತು. ಪಾದ್ರಿ ಪಾಪ ಕ್ಷಮಿಸಲಾರ, ಮನುಷ್ಯ ದೇವರನ್ನು ಆಕಾಶದಿಂದ ಇಳಿಸಲಾರ, ಬಲಿಪೀಠದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ಇಲ್ಲ, ನೀರಿನ ದೀಕ್ಷಾಸ್ನಾನವೇ ಮನುಷ್ಯನನ್ನು ರಕ್ಷಿಸುವುದಿಲ್ಲ. ಹೆಂಡತಿ, ಮಕ್ಕಳನ್ನು ಎದುರಿಗೆ ತಂದು ನಿಲ್ಲಿಸಿದರೂ ಅವನು ಕದಲಲಿಲ್ಲ. ಕೊನೆಯದು ದೀಕ್ಷಾಸ್ನಾನದ ಮಾತು ತಾನೇ, ಅಂದರೆ ಅವನು ಅನಾಬ್ಯಾಪ್ಟಿಸ್ಟ್ ಅಂತ ಹಲವರು ಹಿಡಿದರು. ಸರಿಯಾಗಿ ಓದಿ ನೋಡಿ. ನೀರು ರಕ್ಷಿಸುವುದಿಲ್ಲ ಅನ್ನೋದು ಬೇರೆ, ಮಕ್ಕಳಿಗೆ ಕೊಡಬಾರದು, ದೊಡ್ಡವರಿಗೆ ಮತ್ತೆ ಕೊಡಬೇಕು ಅನ್ನೋದು ಬೇರೆ. ಎರಡನೆಯದು ಆ ನಾಲ್ಕರಲ್ಲಿ ಇಲ್ಲ. ರೊಟ್ಟಿಯ ವಿಷಯದಲ್ಲಿ ಅವನ ಮಾತು ಲೂಥರ್‌ಗೂ ಒಪ್ಪಿಗೆ ಆಗುವಂಥದ್ದಲ್ಲ, ಜ್ವಿಂಗ್ಲಿಗೆ ಹತ್ತಿರ. ಇಂಥವನನ್ನು ಯಾವ ಗುಂಪಿನ ಪಟ್ಟಿಗೂ ಪೂರ್ತಿ ಸೇರಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಆ ವರ್ಷಗಳಲ್ಲಿ ಮಾಮೂಲಿ ಜನ ಒಂದು ಪಂಥ ಆರಿಸಿಕೊಂಡು ಕೂತಿರಲಿಲ್ಲ. ಕೇಳಿದ್ದು, ಓದಿಸಿಕೊಂಡದ್ದು, ಮನಸ್ಸಿಗೆ ಹೊಳೆದದ್ದು ಸೇರಿ ಒಂದು ನಂಬಿಕೆ ಆಗುತ್ತಿತ್ತು, ಅದಕ್ಕೇ ಪ್ರಾಣ ಕೊಡುತ್ತಿದ್ದರು.

ಇನ್ನು ನಿಮ್ಮ ಹೂವು. ಲೂಥರ್‌ನ ವಿವರದಲ್ಲೇ ದೇಹ ಒಂದೇ ಸಲಕ್ಕೆ ಸುಡಲಿಲ್ಲ, ಮತ್ತೆ ಸೌದೆ ಹಾಕಬೇಕಾಯಿತು, ಆಯುಧ ಬಳಸಬೇಕಾಯಿತು ಅಂತ ಇದೆ ಅಲ್ವಾ. ಆಳಿನ ಕಥೆಯ ಮೂಳೆಯೂ ಅದೇ. ಸುಡಲಿಲ್ಲ, ಮತ್ತೆ ಹಾಕಿದರು, ಕತ್ತರಿಸಿದರು. ಹಸಿ ಸೌದೆ, ಗಾಳಿ, ಸರಿಯಾಗಿ ಒಟ್ಟದ ಚಿತೆ, ಏನೋ ಕಾರಣಕ್ಕೆ ಆ ದಿನ ಬೆಂಕಿ ಕೈಕೊಟ್ಟಿದೆ. ನೋಡಿದವರೆಲ್ಲ ಬೆಚ್ಚಿಬಿದ್ದಿದ್ದಾರೆ. ಇಬ್ಬರು ಬೇರೆ ಬೇರೆ ಕಡೆಯವರು ಒಂದನ್ನೊಂದು ನೋಡದೆ ಹೇಳಿದ ಮಾತು ಇಷ್ಟರ ಮಟ್ಟಿಗೆ ಕೂಡುತ್ತದೆ ಅಂದರೆ ಆ ಆಳು ನಿಜವಾಗಿಯೂ ಅಲ್ಲಿದ್ದ ಅಂತ ನಾನು ನಂಬುತ್ತೇನೆ. ಗಾಡಿಯಿಂದ ಬಗ್ಗಿ ಹೂವು ಕಿತ್ತದ್ದು ಆಗಿರಲೂಬಹುದು. ಆಗಸ್ಟ್ ತಿಂಗಳು, ನದಿ ದಂಡೆಯ ಬಯಲು, ಅದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ. ಹೂವು ಬಾಡಲಿಲ್ಲ, ಮೈ ಸುಡಲಿಲ್ಲ ಅನ್ನೋ ಭಾಗ ನಂಬಿಕೆಯ ಮಾತು, ಇತಿಹಾಸದ ಕೈಗೆ ಅದು ಸಿಗುವುದಿಲ್ಲ.

ಮಕ್ಕಳಿಗೆ ಕಥೆ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಅಪ್ಪನನ್ನು ನೋಡಲು ಅಪಾಯ ಗೊತ್ತಿದ್ದೂ ಊರಿಗೆ ಬಂದ ಪಾದ್ರಿ ಅಂತ ಶುರು ಮಾಡಿ. ಲೂಥರ್‌ನ ಶಿಷ್ಯ ಅಂತಲೇ ಹೇಳಿ. ಹೂವಿನ ಭಾಗಕ್ಕೆ ಬಂದಾಗ, ಇದನ್ನು ಹೇಳಿದವನು ನ್ಯಾಯಾಧೀಶನ ಆಳು, ಅವನು ಆಮೇಲೆ ಅನಾಬ್ಯಾಪ್ಟಿಸ್ಟ್ ಆದ ಅಂತ ಸೇರಿಸಿ. ಮಕ್ಕಳಿಗೆ ಆ ಆಳಿನ ಮೇಲೂ ಕುತೂಹಲ ಹುಟ್ಟುತ್ತದೆ, ನೋಡುತ್ತಿರಿ.

ಶುರುವಿನ ಕಾಲದ ನಿಜವಾದ ಅನಾಬ್ಯಾಪ್ಟಿಸ್ಟ್ ರಕ್ತಸಾಕ್ಷಿಯ ಕಥೆಯೇ ಬೇಕು ಅಂದರೆ ಮೇಲೆ ಹೇಳಿದ ಜಾಟ್ಲರ್ ಇದ್ದಾನೆ. ಅವನ ಹೆಂಡತಿ ಮಾರ್ಗರೇಟಾಳನ್ನು ಕೆಲವೇ ದಿನಗಳಲ್ಲಿ ನೀರಿಗೆ ಮುಳುಗಿಸಿ ಕೊಂದರು. ಎಲ್ಲರಿಗಿಂತ ಮೊದಲನೆಯವನು ಬೇಕು ಅಂದರೆ ಬೋಲ್ಟ್ ಎಬರ್ಲಿ, 1525ರ ಮೇ 29ರಂದು ಷ್ವಿಟ್ಸ್‌ನಲ್ಲಿ ಸುಟ್ಟದ್ದು. ಅವನ ಸುದ್ದಿಯನ್ನು ಬರೆದಿಟ್ಟವನು ಸೇಂಟ್ ಗಾಲೆನ್‌ನ ಯೋಹಾನೆಸ್ ಕೆಸ್ಲರ್, ಅನಾಬ್ಯಾಪ್ಟಿಸ್ಟರನ್ನು ಒಪ್ಪದವನು. ಒಪ್ಪದವನೇ ಅವನನ್ನು ಒಳ್ಳೆಯ ಮನಸ್ಸಿನ ಭಕ್ತ ಅಂತ ಬರೆದ. ಆದರೂ ಅವನನ್ನು ಸುಟ್ಟದ್ದು ದೀಕ್ಷಾಸ್ನಾನದ ಕಾರಣಕ್ಕೋ, ಬರೀ ಹೊಸ ಬೋಧನೆಯ ಕಾರಣಕ್ಕೋ ಅಂತ ಚರ್ಚೆ ಇದೆ. ಚರ್ಚೆಗೆ ಎಡೆಯೇ ಇಲ್ಲದವನು ಫೆಲಿಕ್ಸ್ ಮಾಂಟ್ಸ್. ಮತ್ತೆ ದೀಕ್ಷಾಸ್ನಾನ ಕೊಟ್ಟವರನ್ನು ನೀರಿಗೆ ಮುಳುಗಿಸಬೇಕು ಅಂತ ಜ್ಯೂರಿಕ್‌ನ ನಗರಸಭೆ 1526ರ ಮಾರ್ಚ್‌ನಲ್ಲಿ ಆಜ್ಞೆ ಹೊರಡಿಸಿತ್ತು, 1527ರ ಜನವರಿ 5ರಂದು ಅದೇ ಕಾರಣ ಹೇಳಿ ಅವನ ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ದೂಡಿದರು. ದಂಡೆಯಲ್ಲಿ ನಿಂತ ಅವನ ತಾಯಿ, ಗಟ್ಟಿಯಾಗಿರು ಮಗನೇ ಅಂತ ಧೈರ್ಯ ತುಂಬಿದಳು. ಮುಂದಿನ ಭಾನುವಾರ ಅವನ ಕಥೆ ಹೇಳಿ, ಆ ಹಿರಿಯರನ್ನೂ ಕೂರಿಸಿಕೊಂಡು.